ದೇವಿಮನೆ ಘಟ್ಟದಲ್ಲಿ ಕುದಿದ ಇಂಜಿನ್

ಹೊನ್ನಾವರದ ಬಸ್ ಸ್ಟ್ಯಾಂಡಿನ ಎದುರು ಈಗಷ್ಟೇ ಯಾರದೋ ಒಂದು ಕಾರು ಬಾನೆಟ್ ತೆರೆದುಕೊಂಡು ನಿಂತಿತ್ತು. ಹಬೆಯ ಜೊತೆ, ಇಂಜಿನ್ ತಣಿಸುವ ಕೂಲಂಟಿನ ಸಿಹಿ ವಾಸನೆ. ಪಾಯಸ ಉಕ್ಕಿ ಒಲೆಗೆ ಬಿದ್ದ ಹಾಗಿರುವ ಆ ವಾಸನೆಯನ್ನು ನೀವು ಒಮ್ಮೆ ಮೂಸಿದ್ದರೆ ಮರೆಯುವುದಿಲ್ಲ. ನಾನಂತೂ ಮರೆತಿಲ್ಲ, ಮರೆಯಲು ನಮ್ಮ ಯಜಮಾನರು ಬಿಟ್ಟಿಲ್ಲ.

ಕೆಲವು ವರ್ಷಗಳ ಹಿಂದೆ ಅವರು ಭಟ್ಕಳದಲ್ಲಿ, ದುಬೈಯಿಂದ ಮರಳಿದವರೊಬ್ಬರ ಟರ್ಬೊ ಕಾರು ಕೊಂಡರು. ಕುಮಟೆಯ ಟೈಲ್ಸ್ ಅಂಗಡಿಯವರಿಗೆ ಅಷ್ಟು ವೇಗ ಯಾಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಸಾಲದ್ದಕ್ಕೆ ಪವರ್ ಹೆಚ್ಚಲೆಂದು ಇಂಜಿನ್ ಟ್ಯೂನ್ ಮಾಡಿಸಿದರು. ಅಲ್ಲಿಂದ ಶುರುವಾಯಿತು ಉಪಚಾರ. ಬೆಳಿಗ್ಗೆ ಆಯಿಲ್ ಬಿಸಿಯಾಗುವ ತನಕ ಜೋರಾಗಿ ಓಡಿಸುವಂತಿಲ್ಲ. ದೂರ ಹೋಗಿ ಬಂದರೆ ಟರ್ಬೊ ತಣಿಯಲೆಂದು ಅಂಗಳದಲ್ಲಿ ಇಂಜಿನ್ ಚಾಲೂ ಇಟ್ಟು ಕಾಯಬೇಕು. ಆ ಹೊತ್ತು ನಾನೂ ಸೀಟು ಬಿಟ್ಟು ಏಳದೆ ಕೂತಿರಬೇಕು. ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡದ ಮನುಷ್ಯ ಬಾನೆಟ್ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರು. ಓಡಿಸಲು ನನಗೆ ಕೊಡಲಿಲ್ಲ, ಪಾಠ ಮಾತ್ರ ಹೇಳುತ್ತಿದ್ದರು: ಬಿಸಿ ತೋರಿಸುವ ಮುಳ್ಳು ನಡುವೆ ಇರಬೇಕು, ಮೇಲೇರಿದರೆ ಕೂಡಲೇ ನಿಲ್ಲಿಸಬೇಕು. ಕೇಳೀ ಕೇಳೀ ನನ್ನ ಕಣ್ಣು ರಸ್ತೆ ಬಿಟ್ಟು ಆ ಮುಳ್ಳಿಗೇ ಅಂಟಿಕೊಂಡಿತು. ಒಳ್ಳೆಯ ವಿದ್ಯಾರ್ಥಿನಿ ನಾನು, ಶಾಲೆಯಲ್ಲಿ ಅಲ್ಲದಿದ್ದರೂ.

ಆ ಬೇಸಿಗೆಯಲ್ಲಿ ಮದುವೆಗೆಂದು ಶಿರಸಿಗೆ ಹೊರಟೆವು. ಪಿಯುಸಿ ಓದುತ್ತಿದ್ದ ಮಗಳು ಹಿಂದಿನ ಸೀಟಿನಲ್ಲಿ. ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತುವಾಗ ಯಾರೋ ಒಬ್ಬ ನಮ್ಮ ಕಾರನ್ನು ಹಿಂದೆ ಹಾಕಿ ಹೋದ. ಇವರು ಬಿಡಲಿಲ್ಲ. ತಿರುವು ತಿರುವಿಗೂ ಗೇರ್ ಇಳಿಸಿ, ಇಂಜಿನ್ ಕಿರುಚಿಸಿ ಬೆನ್ನಟ್ಟಿದರು. ಮುಳ್ಳು ನಡುವಿನಿಂದ ಎದ್ದಿತು.

"ರೀ, ಮುಳ್ಳು ಮೇಲೆ ಹೋಗ್ತಾ ಉಂಟು. ನಿಲ್ಸಿ" ಅಂದೆ.

"ನಿಂಗೆಂತ ಗೊತ್ತಾಗ್ತದೆ? ಸುಮ್ಮಂಗೆ ಕೂತ್ಕ."

ಇನ್ನೊಮ್ಮೆ ಹೇಳಿದೆ. ಇವರು ಮತ್ತೆ ಗೇರ್ ಇಳಿಸಿದರು. ಸ್ವಲ್ಪ ಮೇಲೆ ಹೋಗುವಷ್ಟರಲ್ಲಿ ಹಬೆ ಎದ್ದಿತು, ಕಾರು ಜೀವ ಬಿಟ್ಟಿತು. ಮದುವೆ ತಪ್ಪಿತು.

ಗ್ಯಾರೇಜಿನಲ್ಲಿ ತೆರೆದು ನೋಡಿದರೆ ರೇಡಿಯೇಟರಿನ ಪೈಪ್ ಒಡೆದು ನೀರೆಲ್ಲ ಹೋಗಿತ್ತು. ಕಾದು ಕಾದು ಇಂಜಿನ್ನಿನ ಮೇಲ್ಭಾಗದ ಹೆಡ್ ಡೊಂಕಾಗಿತ್ತು. ಮುಳ್ಳು ಏರಿದಾಗಲೇ ನಿಲ್ಲಿಸಿದ್ದರೆ ಪೈಪ್ ಬದಲಿಸಿದರೆ ಸಾಕಿತ್ತು ಎಂದರು ಮೆಕ್ಯಾನಿಕ್. ಇವರು ನನ್ನತ್ತ ಕೈ ತೋರಿಸಿದರು.

"ಇವ್ಳು ಬಾಯಿ ಮುಚ್ಲಿಲ್ಲ. ಇವ್ಳ ಮಾತಲ್ಲಿ ಮುಳ್ಳು ನೋಡೂಕೇ ಆಗ್ಲಿಲ್ಲ."

ನಾಚಿಕೆಗೆ ಹಾಗಂದಿರಬೇಕು, ನಾಲ್ಕು ದಿನ ಕಳೆದರೆ ಮರೆತಾರು ಎಂದುಕೊಂಡು ಸುಮ್ಮನಿದ್ದೆ. ಅದು ಕಥೆಯೇ ಆಗಿಬಿಟ್ಟಿತು. ಇಡಗುಂಜಿ ದೇವಸ್ಥಾನದ ಊಟದ ಪಂಕ್ತಿಯಲ್ಲಿ, ಅಂಗಡಿಯಲ್ಲಿ, ನೆಂಟರ ಗೃಹಪ್ರವೇಶದಲ್ಲಿ, ಹೆಂಡತಿಯ ಮಾತಿಗೆ ಇಂಜಿನ್ ಕುದಿದ ಕಥೆ. ಜನ ನಗುತ್ತಿದ್ದರು. ಚಹಾದ ತಟ್ಟೆ ಹಿಡಿದುಕೊಂಡು ನಾನೂ ನಗುತ್ತಿದ್ದೆ, ಎಲ್ಲಿ ನಗಬೇಕೆಂದು ಬಾಯಿಪಾಠ ಮಾಡಿಕೊಂಡವಳ ಹಾಗೆ.

ನಿನ್ನೆ ಇದೇ ಹೊನ್ನಾವರದಲ್ಲಿ, ಮಗಳ ಮನೆಯಲ್ಲಿ, ಬೀಗರ ಮುಂದೆ ಮತ್ತೆ ಶುರು ಮಾಡಿದರು. ಯಾಕೋ ಈ ಸಲ ನಗು ಬರಲಿಲ್ಲ. ನಾನು ನಿಲ್ಲಿಸಲು ಹೇಳಿದ್ದೆ, ಎರಡು ಸಲ ಹೇಳಿದ್ದೆ ಅಂದೆ. ಇವರು ಮಗಳ ಕಡೆ ತಿರುಗಿ, ಹಿಂದೆ ಕೂತಿದ್ದವಳು ನೀನಲ್ಲವಾ, ನೀನೇ ಹೇಳು ಎಂದರು.

"ನಂಗೆ ನೆನಪಿಲ್ಲಪ್ಪ" ಅಂದಳು.

ಆಮೇಲೆ ಅಡುಗೆಮನೆಯಲ್ಲಿ ನನ್ನ ಪಕ್ಕ ಬಂದು ನಿಂತು ದನಿ ತಗ್ಗಿಸಿದಳು. "ನೀ ಹೇಳಿದ್ದು ಕೇಳಿತ್ತಮ್ಮ. ಆವತ್ತೇ ಕೇಳಿತ್ತು."

ಹಾಗಾದರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅಪ್ಪಂಗೆ ಬೇಜಾರಾಗ್ತದೆ ಅಲ್ದಾ. ನಿಂಗೆ ಹೆಂಗೂ ರೂಢಿ ಆತಲ."

ಇವತ್ತು ಬೆಳಿಗ್ಗೆ ಇವರು ಕಾರು ತೆಗೆದು ಹಾರ್ನ್ ಹೊಡೆದಾಗ ನಾನು ಬಸ್ಸಿಗೆ ಬರುತ್ತೇನೆ ಅಂದೆ. ಬಸ್ ಸ್ಟ್ಯಾಂಡಿನ ತನಕ ಬರುತ್ತೇನೆಂದ ಮಗಳಿಗೂ ಬೇಡವೆಂದೆ. ಗಂಡನ ಮೇಲಿನ ಸಿಟ್ಟಿನ ಜೊತೆ ಸಂಸಾರ ಮಾಡಿ ಅಭ್ಯಾಸವಿದೆ. ಮಗಳ ಮೇಲೆ ಸಿಟ್ಟು ಮಾಡುವುದು ಹೇಗೆಂದು ಗೊತ್ತಾಗದೆ, ಕುಮಟೆಯ ಬಸ್ಸು ಎರಡು ಹೋದರೂ ಬೆಂಚಿನ ಮೇಲೇ ಕೂತಿದ್ದೇನೆ.