ಕಾಕನ ಅಂಬಾಸಿಡರ್, ಬಲಗಡೆ ಪ್ಲೇಟು

ಹೋದ ವರ್ಷ ಏಪ್ರಿಲ್ ಕೊನೆ. ನಂಗೆ ಆಗ ಇಪ್ಪತ್ಮೂರು. ಹುದ್ದೆ ಏನು ಅಂತ ಕೇಳಿದ್ರೆ, ಶಿರಂಗಾಲದಲ್ಲಿ ನಮ್ಮಪ್ಪ ಶುಂಠಿ ಇಡೋ ಶೆಡ್ಡಿನ ಅರ್ಧ ಭಾಗಕ್ಕೆ ನಾನೇ ಮೆಕ್ಯಾನಿಕ್, ನಾನೇ ಓನರ್. ಐಟಿಐ ಗೀಟಿಐ ಏನೂ ಮಾಡಿಲ್ಲ. ಫೋನಲ್ಲಿ ವಿಡಿಯೋ ನೋಡಿ, ಒಂದು ಗುಜರಿ ಜೀಪನ್ನ ನಾಕು ಸಲ ಬಿಚ್ಚಿ ನಾಕು ಸಲ ಜೋಡಿಸಿ ಕಲ್ತಿದ್ದು. ಇದನ್ನ ಮೊದ್ಲೇ ಹೇಳ್ಬಿಡ್ತೀನಿ. ಯಾಕಂದ್ರೆ ಮುಂದೆ ನಾನು ತುಂಬ ಕೂಗಾಡ್ತೀನಿ. ಈಗ ಟೈಪ್ ಮಾಡ್ತಿರೋವಾಗ್ಲೂ ಕಿವಿ ಬಿಸಿ ಆಗ್ತಿದೆ.

ಸುಂಟಿಕೊಪ್ಪದಿಂದ ಮೊಯ್ದುಕಾಕ ಫೋನ್ ಮಾಡಿದ್ರು. ಮಡಿಕೇರಿ–ಕುಶಾಲನಗರ ರಸ್ತೇಲಿ ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿ ಬಿಟ್ಟವರು. ಗಾಡಿ ಮಾತ್ರ ಬಿಟ್ಟಿಲ್ಲ, ಹಳೇ ಅಂಬಾಸಿಡರ್.

"ಮೋನೇ, ಗಾಡಿ ಹಿಂದ್ಗಡೆ ಕೂತ್ಬಿಟ್ಟಿದೆ. ನಿಂಗೆ ಹಳೇದ್ರ ಹುಚ್ಚು ಅಂತಲ್ಲ, ಬಾ ನೋಡು." ಮೋನೇ ಅಂದ್ರೆ ಅವರ ಮಾತಲ್ಲಿ ಮಗನೇ ಅಂತ.

ಹೋಗಿ ಕೆಳಗೆ ಮಲಗಿ ನೋಡಿದ್ರೆ ಮೊದಲನೇ ಸಿಟ್ಟು ಅಲ್ಲೇ ಬಂತು. ಈ ಕಾರಿನ ಹಿಂದಿನ ಭಾರ ಹೊರೋದು ಲೀಫ್ ಸ್ಪ್ರಿಂಗು. ಬಿಲ್ಲಿನ ಹಾಗೆ ಬಾಗಿರೋ ಉಕ್ಕಿನ ಪಟ್ಟಿಗಳು, ಉದ್ದದ್ದರ ಕೆಳಗೆ ಗಿಡ್ಡದ್ದು, ಅದ್ರ ಕೆಳಗೆ ಇನ್ನೂ ಗಿಡ್ಡದ್ದು, ಮಧ್ಯ ಒಂದು ಬೋಲ್ಟು. ನಮ್ಮ ಕಡೆ ಪ್ಲೇಟು ಅಂತಾರೆ. ಕಾಕನ ಗಾಡಿಗೆ ಒಂದೊಂದು ಕಡೆ ಆರು. ಬಾಗು ಪೂರ್ತಿ ಹೋಗಿ ಸ್ಕೇಲಿನ ಹಾಗೆ ನೇರ ಆಗಿತ್ತು. ಅದನ್ನ ಸರಿ ಮಾಡೋ ಬದ್ಲು ಯಾವನೋ ಪುಣ್ಯಾತ್ಮ ಆಕ್ಸಲ್ಲಿಗೂ ಬಾಡಿಗೂ ಮಧ್ಯ ಹಳೇ ಟೈರಿನ ತುಂಡು ತುರುಕಿ ತಂತೀಲಿ ಕಟ್ಟಿದ್ದ! ಗುಂಡಿಗೆ ಬಿದ್ದಾಗೆಲ್ಲ ಏಟು ನೇರ ಬಾಡಿಗೆ. ಇಂಥವರ ಕೈಗೆ ಸ್ಪಾನರ್ ಕೊಟ್ಟೋರು ಯಾರು?

ಕಾಕಂಗೆ ಏಟಿನ ಚಿಂತೆ ಇರ್ಲಿಲ್ಲ. ಅವರ ಹೆಂಡ್ತಿ ಆಯಿಷುಮ್ಮಂಗೆ ಎರಡೂ ಮಂಡಿ ಹಿಡ್ಕೊಂಡಿದೆ. ಪ್ರತಿ ಬುಧವಾರ ಮಡಿಕೇರೀಲಿ ಫಿಸಿಯೋಥೆರಪಿ. ಬಸ್ ಮೆಟ್ಟಿಲು ಹತ್ತೋಕಾಗಲ್ಲ, ಆಟೋದಲ್ಲಿ ಕಾಲು ಮಡಚೋಕಾಗಲ್ಲ. ಈ ಗಾಡಿ ಹಿಂದಿನ ಸೀಟಲ್ಲಿ ಮಾತ್ರ ಕೂತ್ಕೊಂಡು ತಾನೇ ಎದ್ದೇಳ್ತಿದ್ರು. ಈಗ ಸೀಟು ತಗ್ಗಾಗಿ, ಕೂತ್ರೆ ಇಬ್ರು ಎಳೀಬೇಕು. ಎರಡು ವಾರದಿಂದ ಹೋಗೋದೇ ಬಿಟ್ಟಿದ್ರು.

"ಮುಂಚೆ ಸೀಟು ಎಷ್ಟೆತ್ತರ ಇತ್ತು?" ಅಂದೆ.

ಆಯಿಷುಮ್ಮ ಗೋಡೆ ಹಿಡ್ಕೊಂಡು ನಿಂತು, ಮಂಡಿಗಿಂತ ಸ್ವಲ್ಪ ಮೇಲೆ ಅಂಗೈ ಇಟ್ರು. "ಇಲ್ಲಿಗೆ."

ಟೇಪ್ ಹಿಡಿದೆ. ಇಪ್ಪತ್ತು ಇಂಚು. ಸೀಟು ಅಳೆದ್ರೆ ಹದಿನಾರೂವರೆ. ಆ ಮೂರೂವರೆ ಇಂಚು ವಾಪಸ್ ತರೋದೇ ನನ್ನ ಕೆಲಸ. "ಒಂದೇ ವಾರ ಕಾಕ" ಅಂದೆ. ಗಾಡೀನ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಎರಡೂ ಕಡೆ ಸ್ಪ್ರಿಂಗ್ ಇಳಿಸ್ದೆ.

ಕೂಡಿಗೆ ರಸ್ತೇಲಿ ಒಬ್ರು ಆಚಾರ್ರು ಇದಾರೆ, ಲಾರಿ ಪ್ಲೇಟು ಬಡಿದು ಬಾಗು ಕೂರಿಸೋದ್ರಲ್ಲಿ ಎತ್ತಿದ ಕೈ. ಬೆಂಕಿಗೆ ಹಾಕಲ್ಲ, ಹಾಕಿದ್ರೆ ಉಕ್ಕಿನ ಹದ ಹೋಗುತ್ತೆ. ತಣ್ಣಗಿರೋವಾಗ್ಲೇ ಇಂಚಿಂಚೂ ಸುತ್ತಿಗೇಲಿ ಬಡೀಬೇಕು. ಅವರು ಪ್ಲೇಟು ನೋಡಿ, ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ "ಮೊಯ್ದು ಎಡ", "ಮೊಯ್ದು ಬಲ" ಅಂತ ಬರೆದ್ರು. ಆಮೇಲೆ ಒಂದು ವಿಚಿತ್ರ ಪ್ರಶ್ನೆ: "ಕಾಕ ದಪ್ಪನಾ?"

"ದಪ್ಪಾನೇ. ಯಾಕೆ?"

"ಸುಮ್ನೆ" ಅಂದ್ರು. ಅವತ್ತೇ ಎಡಗಡೇದು ಬಡಿದು ಒಳಗೆ ನೇತು ಹಾಕಿದ್ರು. ಬಲಗಡೇದು ಹೊರಗೆ ಚಪ್ಪರದ ಕೆಳಗೆ ಇತ್ತು.

ಮಾರನೇ ದಿನ ಹೋದ್ರೆ ಆಚಾರ್ರಿಲ್ಲ. ಪಿರಿಯಾಪಟ್ಟಣದಲ್ಲಿ ನೆಂಟರ ಮದುವೆ, ಮೂರು ದಿನ. ಅಂಗಡೀಲಿದ್ದಿದ್ದು ಅವರ ತಮ್ಮ ಮಂಜಣ್ಣ ಒಬ್ರೇ, ಅವರೂ ಊಟಕ್ಕೆ ಹೊರಟಿದ್ರು. ನಂಗೆ ಸುಮ್ನೆ ಕೂರೋಕಾಗುತ್ತಾ? ಬಲಗಡೆ ಆರೂ ಪ್ಲೇಟನ್ನ ಡೀಸೆಲ್ ಹಾಕಿ ವೈರ್ ಬ್ರಷಲ್ಲಿ ಉಜ್ಜಿದೆ. ಎರಡು ಗಂಟೆ. ಐವತ್ತು ವರ್ಷದ ಕೊಳೆ ಹೋಗಿ ಬೆಳ್ಳಿ ಮೀನಿನ ಹಾಗೆ ಹೊಳೀತು. ಉಜ್ಜೋ ಮುಂಚಿನದೊಂದು, ಆಮೇಲಿನದೊಂದು ಫೋಟೋ ತೆಗೆದು ನಮ್ಮ ಹಳೇ ಗಾಡಿ ಗ್ರೂಪಿಗೆ ಹಾಕ್ದೆ. ಜನ ಚಪ್ಪಾಳೆ ಮೇಲೆ ಚಪ್ಪಾಳೆ.

ನಾಲ್ಕನೇ ದಿನ ಬೆಳಿಗ್ಗೆ ಹೋದ್ರೆ ಬಲಗಡೇದ್ರಲ್ಲಿ ಒಂದೇ ಒಂದು ಪ್ಲೇಟು ಬಿದ್ದಿದೆ. ಎರಡೂ ತುದಿ ಸುರುಳಿ ಇರೋ ಉದ್ದದ್ದು. ಇನ್ನೈದು?

"ಅದಾ?" ಅಂದ್ರು ಮಂಜಣ್ಣ. "ಎಸ್ಟೇಟ್ ರೈಟರ್ ಬಂದಿದ್ರಪ್ಪ. ಮರಗಸಿ ಶುರು ಅಂತೆ, ಅರ್ಜೆಂಟ್ ಕತ್ತಿ ಬೇಕಂದ್ರು. ಏಳು ಕತ್ತಿ ಆಯ್ತು. ಒಳ್ಳೇ ಮಾಲು."

ರೈಟರ್ ಅಂದ್ರೆ ಎಸ್ಟೇಟಿನ ಕೆಲಸ, ಲೆಕ್ಕ ನೋಡ್ಕೊಳೋರು. ಕಾಫಿ ಮೇಲಿನ ನೆರಳು ಮರದ ಕೊಂಬೆ ಮಳೆಗೆ ಮುಂಚೆ ಕಡೀತಾರಲ್ಲ, ಅದು ಮರಗಸಿ. ನಮ್ಮ ಕಡೆ ಆ ಕತ್ತಿಗಳೆಲ್ಲ ಲಾರಿ ಪ್ಲೇಟಿಂದಾನೇ ಆಗೋದು. ಅದು ಗೊತ್ತಿತ್ತು. ಆದ್ರೆ ನನ್ನ ಪ್ಲೇಟಾ? ಕಾಕನ ಅಂಬಾಸಿಡರ್ ಪ್ಲೇಟಾ?

ಏನೇನು ಬೈದೆ ಅಂತ ಬರೆಯೋಕಾಗಲ್ಲ. ಮೂರು ಜನ ಲಾರಿ ಡ್ರೈವರುಗಳು ಟೀ ಕುಡೀತಾ ನಿಂತಿದ್ರು, ಅವರ ಮುಂದೇನೇ "ಕಳ್ಳ ನನ್ಮಗನೇ" ಅಂದೆ. ಅಷ್ಟು ಸಾಲ್ದು ಅಂತ ಗ್ರೂಪಿಗೂ ಹಾಕ್ದೆ: ಈ ಅಂಗಡಿಗೆ ಯಾರೂ ಹೋಗ್ಬೇಡಿ, ಪ್ಲೇಟು ಕದ್ದು ಮಾರ್ಕೋತಾರೆ.

ಬೈಕ್ ಹತ್ತಿ ನೇರ ಆ ಎಸ್ಟೇಟಿಗೆ ಹೋದೆ. ಕೆಲಸದವರ ಲೈನ್ ಮನೆಗಳ ಹಿಂದೆ ಮರದ ಬುಡದಲ್ಲಿ ಗುಂಪು. ಮುರುಗಣ್ಣ ಅಂತ ಮರ ಹತ್ತೋರು, ಅವರ ಕೈಲಿ ಹೊಸ ಕತ್ತಿ. ಹಿಡಿಯ ಹತ್ರ ಅಂಚಲ್ಲಿ ಅರ್ಧಚಂದ್ರದ ಹಾಗೆ ಒಂದು ಕಚ್ಚು. ಸೆಂಟರ್ ಬೋಲ್ಟಿನ ತೂತಿನ ಅರ್ಧ! ನನ್ನದೇ.

"ಅಣ್ಣ, ಅದು ಕಾರಿನ ಪ್ಲೇಟು. ವಾಪಸ್ ಕೊಡಿ."

ಅವರು ಕತ್ತಿ ತಿರುಗಿಸಿ ನೋಡಿದ್ರು. "ಕಾರಾ? ನಿನ್ನೆಯಿಂದ ಹದಿನೆಂಟು ಮರದ ಕೊಂಬೆ ಇಳಿಸ್ದೆ ತಂಬಿ, ಒಂದ್ಸಲಾನೂ ಮಸೀಲಿಲ್ಲ. ಕೊಡಲ್ಲ."

"ಹಾರನ್ ಎಲ್ಲಿದೆ ನೋಡು ಮುರುಗಾ" ಅಂತ ಹಿಂದಿಂದ ಯಾರೋ. ಎಲ್ರೂ ನಕ್ಕರು. ಕತ್ತೀನ ಮತ್ತೆ ಪ್ಲೇಟು ಮಾಡೋಕಾಗಲ್ಲ ಅನ್ನೋದು ನಂಗೂ ಗೊತ್ತಿತ್ತು. ಆದ್ರೂ ಹೋಗಿದ್ದೆ, ಸಿಟ್ಟು ಅಷ್ಟಿತ್ತು.

ಮಧ್ಯಾಹ್ನ ವಾಪಸ್ ಬಂದಾಗ ಆಚಾರ್ರು ಮದುವೆ ಅಂಗೀಲೇ ಕೂತಿದ್ರು.

"ಹೆಸರು ಬರ್ದಿದ್ದು ರಿಪೇರಿಗೆ, ಹೆಸರಿಲ್ದಿದ್ದು ಕತ್ತಿಗೆ. ನಮ್ಮಪ್ಪನ ಕಾಲದಿಂದ ಇಲ್ಲಿ ಹಂಗೇ. ಹೆಸರಿರೋದನ್ನ ಮಂಜ ಮುಟ್ಟೋನಲ್ಲ."

"ಸುಳ್ಳು! ನೀವೇ ಬರ್ದಿದ್ರಿ. ನನ್ನ ಹತ್ರ ಫೋಟೋ ಇದೆ, ತಡೀರಿ."

ಫೋನ್ ತೆಗೆದು ಮುಖಕ್ಕೆ ಹಿಡಿದೆ. ಮೊದಲನೇ ಫೋಟೋ, ಕೊಳೆ ಪ್ಲೇಟಿನ ಮೇಲೆ ಬೆಳ್ಳಗೆ "ಮೊಯ್ದು ಬಲ". "ನೋಡಿ! ಇದೇನು?"

ಆಚಾರ್ರು ಕಪ್ಪು ಬೆರಳಿಂದ ಸ್ಕ್ರೀನ್ ಪಕ್ಕಕ್ಕೆ ಸರಿಸಿದ್ರು. ಎರಡನೇ ಫೋಟೋ. ಆರು ಪ್ಲೇಟು, ಫಳಫಳ. ಒಂದರ ಮೇಲೂ ಅಕ್ಷರ ಇಲ್ಲ. ಮೂಲೇಲಿ ವೈರ್ ಬ್ರಷ್ ಹಿಡಿದಿರೋ ಕೈ, ಮಣಿಕಟ್ಟಲ್ಲಿ ತಾಮ್ರದ ಕಡಗ.

"ಇದ್ಯಾರ ಕೈ?"

ಆ ಕಡಗ ಹಾಕಿದ್ದ ಕೈಯಲ್ಲೇ ನಾನು ಫೋನ್ ಹಿಡಿದಿದ್ದೆ.

ಆಚಾರ್ರು ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ಮಂಜಣ್ಣ ಒಳಗಿಂದ ಕೇಳಿಸ್ಕೊಂಡು ಸುತ್ತಿಗೆ ತಗೊಂಡು ಕೆಲಸ ಶುರು ಮಾಡಿದ್ರು, ತಲೆ ಎತ್ತಲಿಲ್ಲ. ಸಿಟ್ಟು ಇಳೀಲಿಲ್ಲ, ತಿರುಗಿ ನನ್ನ ಮೇಲೇ ಬಂತು. ಬೇರೆಯವರ ಮೇಲಿದ್ರೆ ಕೂಗಬಹುದು. ಇದನ್ನ ಎಲ್ಲಿ ಇಡೋದು?

ಕಾಕಂಗೆ ಹೇಳ್ಲೇಬೇಕಿತ್ತು. ಜಗುಲಿ ಮೇಲೆ ನಿಂತು ಪೂರ್ತಿ ಹೇಳ್ದೆ. "ಮೂವತ್ತು ವರ್ಷ ಮರಕ್ಕೆ ಗುದ್ದದೆ ಓಡಿಸ್ದೆ ಮೋನೇ. ಈಗ ಅದು ಮರ ಕಡೀತಿದೆ" ಅಂದ್ರು ಕಾಕ. ನಗ್ತಿರಲಿಲ್ಲ. ಒಳಗಿಂದ ಆಯಿಷುಮ್ಮ ಕೇಳಿದ್ರು, "ನಾಳೆ ಬುಧವಾರಾನೂ ಇಲ್ವಾ?" ಮೂರನೇ ಬುಧವಾರ. ಆ ಮಾತೇ ಹೆಚ್ಚು ಚುಚ್ಚಿತು.

ಶೆಡ್ಡಿಗೆ ಬಂದು ನನ್ನ ಜೀಪಿನ ಕೆಳಗೆ ಮಲಗ್ದೆ. ನಾನು ಕಲ್ತ ಜೀಪು. ಅದ್ರ ಪ್ಲೇಟೂ ಕಾಕನ ಗಾಡೀದೂ ಒಂದೇ ಅಗಲ, ಒಂದೂಮುಕ್ಕಾಲು ಇಂಚು. ಐದು ಪ್ಲೇಟು ಬಿಚ್ಚಿ ಬೈಕಿಗೆ ಕಟ್ಕೊಂಡು ಆಚಾರ್ರ ಮುಂದೆ ಇಟ್ಟೆ. ಅವರು ಒಂದೊಂದನ್ನೂ ಕಲ್ಲಿಗೆ ಬಡಿದು ಸದ್ದು ಕೇಳಿ, "ಆಗುತ್ತೆ" ಅಂದ್ರು. ಅಳತೆಗೆ ಕತ್ತರಿಸಿ, ತುದಿ ತೆಳ್ಳಗೆ ಉಜ್ಜಿ, ಆಚಾರ್ರು ಹೇಳಿದಷ್ಟು ಬಾಗು ಬರೋವರೆಗೆ ಎರಡು ದಿನ ಬಡಿದ್ವಿ. ಸುತ್ತಿಗೆ ನಂದು, ಪ್ಲೇಟು ಹಿಡಿದಿದ್ದು ಮಂಜಣ್ಣ. ಕೊನೇ ಪ್ಲೇಟು ಮುಗಿದಾಗ ಅವರೇ ಸೀಮೆಸುಣ್ಣ ತಗೊಂಡು ದೊಡ್ಡದಾಗಿ ಬರೆದ್ರು: "ಮೊಯ್ದು ಬಲ. ತೊಳೀಬೇಡ."

ಜೋಡಿಸ್ದೆ. ಪ್ಲೇಟಿನ ತುದೀಲಿರೋ ರಬ್ಬರ್ ಬುಷ್ ಬೋಲ್ಟುಗಳನ್ನ ಗಾಡಿ ನೆಲಕ್ಕೆ ಇಳಿಸಿದ ಮೇಲೇನೇ ಟೈಟ್ ಮಾಡ್ದೆ. ಚಕ್ರ ನೇತಾಡ್ತಿರೋವಾಗ ಮಾಡಿದ್ರೆ ರಬ್ಬರ್ ತಿರುಚಿ ಹರಿಯುತ್ತೆ. ಹಿಂದೆ ನಿಂತು ನೋಡಿದ್ರೆ ಬಲಗಡೆ ಮುಕ್ಕಾಲು ಇಂಚು ಮೇಲಿದೆ! ಮತ್ತೆ ನೆತ್ತಿಗೇರಿತು. ಬಾಯಿ ತೆಗೆಯೋ ಅಷ್ಟರಲ್ಲಿ ಕಾಕ ಬಾಗಿಲು ತೆಗೆದು ಡ್ರೈವರ್ ಸೀಟಲ್ಲಿ ಕೂತ್ರು. ಗಾಡಿ ನಿಧಾನ ಇಳಿದು ಸಮ ಆಯ್ತು. ಆಚಾರ್ರು ಕಾಕ ದಪ್ಪನಾ ಅಂತ ಯಾಕೆ ಕೇಳಿದ್ರು ಅಂತ ಆಗ ಗೊತ್ತಾಯ್ತು. ಬಾಯಿ ಮುಚ್ಕೊಂಡೆ.

ಆಯಿಷುಮ್ಮ ಹಿಂದೆ ಕೂತ್ರು. ಆಮೇಲೆ ಕಾಲು ಹೊರಗಿಟ್ಟು, ಬಾಗಿಲು ಹಿಡ್ಕೊಂಡು, ಯಾರ ಕೈಯೂ ಹಿಡೀದೆ ಎದ್ದು ನಿಂತ್ರು. ಟೇಪ್ ಹಿಡಿದೆ, ಇಪ್ಪತ್ತಕ್ಕೆ ಕಾಲಿಂಚು ಕಮ್ಮಿ.

"ಇನ್ನು ಬುಧವಾರ ತಪ್ಪಿಸೋಕೆ ನೆಪ ಇಲ್ಲ" ಅಂದ್ರು. ಮುಖದಲ್ಲಿ ಖುಷಿ ಅಷ್ಟೇನಿರ್ಲಿಲ್ಲ, ಆ ಫಿಸಿಯೋಥೆರಪಿ ತುಂಬ ನೋಯುತ್ತಂತೆ.

ಈಗ ನಾನು ಯಾವ ಗಾಡಿ ಬಿಚ್ಚಿದ್ರೂ ಪ್ಲೇಟಿನ ಮೇಲೆ ಮೊದ್ಲು ಉಕ್ಕಿನ ಪಂಚ್ ಇಟ್ಟು ಸುತ್ತಿಗೇಲಿ ಚುಕ್ಕಿ ಹೊಡೀತೀನಿ. ಎಡಕ್ಕೆ ಒಂದು, ಬಲಕ್ಕೆ ಎರಡು. ಉಜ್ಜಿದ್ರೂ ಹೋಗಲ್ಲ. ಆದ್ರೆ ಈ ಕೆಲಸ ನಂಗೆ ಕಲಿಸಿದ್ದು ಅದಲ್ಲ. ಮಂಜಣ್ಣಂಗೆ ಸಾರಿ ಕೇಳಿದ್ದೆ, ಅಂಗಡಿ ಹಿಂದೆ, ಯಾರೂ ಇಲ್ದಾಗ. ಅವರು ಹೇಳಿದ್ದು ಇಷ್ಟೇ: "ಬೈದಿದ್ದು ಮುಂದ್ಗಡೆ ಅಲ್ವಾ?"

ಗ್ರೂಪಲ್ಲಿ ನಾನು ಹಾಕಿದ್ದನ್ನ ಅಳಿಸಿದೀನಿ. ಓದಿದೋರ ತಲೆಯಿಂದ ಅಳಿಸೋಕಾಗಿಲ್ಲ. ಇಬ್ರು ಈಗಲೂ ಆ ಅಂಗಡಿಗೆ ಹೋಗಲ್ಲ. ಅದಕ್ಕೇ ಇದನ್ನ ಎಲ್ರೂ ಓದೋ ಕಡೆ ಬರೀತಿದೀನಿ. ಮಂಜಣ್ಣ ಏನೂ ಕದ್ದಿಲ್ಲ. ಸುಣ್ಣ ಉಜ್ಜಿ ತೆಗೆದಿದ್ದು ನಾನು.