ಮಾವ ಹೊರಡುವ ಹೊತ್ತು

ಕಾರವಾರದ ಮನೆಗೆ ಬಂದು ವಾರ ಕಳೆದಿತ್ತಷ್ಟೆ, ನಾನು ಟೆಂಪೋದವನ ಜೊತೆ ಜಗಳ ತೆಗೆದೆ. ಅಂಕೋಲೆಯ ಹತ್ತಿರದ ನಮ್ಮೂರು ಶೆಟಗೇರಿಯಿಂದ ಸಾಮಾನು ತಂದವನು ಅವನೇ. ಮಾವನ ಹಳೆಯ ಮಂಚದ ಒಂದು ಹಲಗೆ ಕಾಣುತ್ತಿರಲಿಲ್ಲ. ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. "ಅಕ್ಕಾ, ನಿಮ್ಮ ಹಲಗೆ ಇಟ್ಕಂಡು ನಾ ಎಂತ ಮಾಡೂದು?" ಅಂದ. "ಒಲೆಗೆ ಹಾಕು" ಎಂದು ಫೋನ್ ಕುಕ್ಕಿದೆ. ಮರುದಿನ ಇನ್ನೊಂದು ಹಲಗೆ ಹೋಯಿತು. ಈಗ ಬೈಯಲು ಯಾರೂ ಸಿಗಲಿಲ್ಲ. ಹುಡುಕಲೂ ಪುರಸೊತ್ತಿರಲಿಲ್ಲ, ಏಕೆಂದರೆ ಆ ಹೊತ್ತಿಗೆ ಮಾವನೇ ಕಾಣೆಯಾಗತೊಡಗಿದ್ದರು.

ಮಾವ ಎಂದರೆ ನನ್ನ ಗಂಡನ ತಂದೆ. ಎಂಬತ್ತು ದಾಟಿದೆ. ಅತ್ತೆ ತೀರಿಕೊಂಡ ಮೇಲೆ ಅವರ ನೆನಪು ಮೆಲ್ಲಗೆ ಸಡಿಲವಾಗುತ್ತ ಬಂತು. ನನ್ನ ಗಂಡನಿಗೆ ಕೆಲಸ ಕಾರವಾರದಲ್ಲಿ. ದಿನಾ ಅಂಕೋಲೆಯಿಂದ ಬಸ್ಸು ಹಿಡಿದು ಹೋಗಿ ಬರುವುದರೊಳಗೆ ಇವರೂ ಸುಸ್ತು, ಇಡೀ ದಿನ ಮಾವನ ಹಿಂದೆ ಓಡಿ ನಾನೂ ಸುಸ್ತು. ಕಡೆಗೆ ಕಾರವಾರದಲ್ಲೇ ಒಂದು ಸಣ್ಣ ಮನೆ ಕೊಂಡೆವು. ಮಾವನನ್ನು ಕೇಳಿಯೇ ಕೊಂಡದ್ದು. "ಆತು, ಹೋಗ್ವಾ" ಎಂದಿದ್ದರು. ಮನೆ ಹೊಕ್ಕ ದಿನ ಮಾತ್ರ ಹೊಸ್ತಿಲ ಹೊರಗೇ ನಿಂತುಬಿಟ್ಟರು. ಯಾರ ಮನೆಗೋ ಕರೆಯದೆ ಬಂದವರ ಹಾಗೆ ಮುಖ ಮಾಡಿಕೊಂಡಿದ್ದರು. ಇವರು ಕೈ ಹಿಡಿದು ಎಳೆದುಕೊಂಡು ಒಳಗೆ ಕೂರಿಸಬೇಕಾಯಿತು.

ಮೊದಲ ಸಲ ಅವರು ಹೋದದ್ದು ಸಂಜೆ ನಾಲ್ಕರ ಸುಮಾರಿಗೆ. ನಾನು ಅಡಿಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಲೋಟ ಹಿಡಿದು ಹೊರಗೆ ಬಂದರೆ ಕುರ್ಚಿ ಖಾಲಿ, ಗೇಟು ಹಾರು ಹೊಡೆದಿತ್ತು. ಒಂದು ತಾಸು ಬೀದಿ ಬೀದಿ ಅಲೆದೆ. ಕೊನೆಗೆ ಸಿಕ್ಕಿದ್ದು ಹೆದ್ದಾರಿಯ ಬದಿಯಲ್ಲಿ, ಅಂಕೋಲೆಯ ದಿಕ್ಕಿಗೆ ಮುಖ ಮಾಡಿ ನಡೆಯುತ್ತಿದ್ದರು. ಪಂಚೆ ಮೊಣಕಾಲಿನವರೆಗೆ ಒದ್ದೆ. ಸಮುದ್ರಕ್ಕೆ ಇಳಿದಿರಬೇಕು ಎಂದುಕೊಂಡೆವು.

ಮರುದಿನ ಇವರು ರಜೆ ಹಾಕಿ ಮೂರೂವರೆಗೇ ಬಾಗಿಲಲ್ಲಿ ಕಾವಲು ಕೂತರು. ನಾಲ್ಕಾಯಿತು. ಮಾವ ಆರಾಮಾಗಿ ಚಹಾಕ್ಕೆ ಬಿಸ್ಕತ್ತು ಅದ್ದಿ ತಿಂದರು. ನಮ್ಮ ಮುಖ ನೋಡಿ, "ಎಂತ ಆಯ್ತು ನಿಮಗೆ?" ಎಂದು ಕೇಳಿದರು ಕೂಡ. ಮಾವ ಇನ್ನು ಹೋಗುವುದಿಲ್ಲ ಎಂದುಕೊಂಡು ಇವರು ಪೇಟೆಗೆ ಹೋದರು. ನಾನು ಎಷ್ಟೋ ದಿನದಿಂದ ನಿಂತಿದ್ದ ಬರಹದ ಎರಡು ಸಾಲು ಬರೆಯೋಣವೆಂದು ಕೋಣೆಗೆ ಹೋದೆ. ತಲೆ ಎತ್ತುವಷ್ಟರಲ್ಲಿ ಮಾವ ಇಲ್ಲ. ಆ ಸಲ ಹೆದ್ದಾರಿಯಲ್ಲಿ ಲಾರಿಯವನು ಬ್ರೇಕ್ ಹಾಕಿದ್ದಕ್ಕೆ ಉಳಿದರು. ಲಾರಿಯವನು ನಮಗೆ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮೂರನೆಯ ದಿನ ಐದರವರೆಗೆ ಕಾದೆವು. ಅವರು ಐದು ದಾಟಿದ ಮೇಲೆ ಹೋದರು. ಈ ಮುದುಕನಿಗೆ ಮರೆವೆಯೋ, ನಮ್ಮನ್ನು ಆಟ ಆಡಿಸುತ್ತಿದ್ದಾರೋ ಎಂದು ನನಗೆ ಮೈಯೆಲ್ಲ ಉರಿಯಿತು. ಇಡೀ ದಿನ ಗೇಟಿನ ಸದ್ದಿಗೆ ಕಿವಿಕೊಟ್ಟೇ ಇರುತ್ತಿದ್ದೆ. ಪುಸ್ತಕದ ಪೆಟ್ಟಿಗೆಗಳು ಬಿಚ್ಚದೆ ಗೋಡೆಗೆ ಒರಗಿದ್ದವು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಬೆಳಗಾದರೆ ಮಾವನದು ಒಂದೇ ಪ್ರಶ್ನೆ: "ಇವತ್ತು ಯಾವ ತಿಥಿ?" ಅತ್ತೆಯ ವರ್ಷದ ಕಾರ್ಯ ನೆನೆಸಿಕೊಂಡು ಕೇಳುತ್ತಾರೆ ಎಂದು ನನ್ನ ಲೆಕ್ಕ. ಕ್ಯಾಲೆಂಡರ್ ನೋಡಿ "ಹುಣ್ಣಿಮೆ" ಎಂದೋ "ಪಾಡ್ಯ" ಎಂದೋ ಹೇಳಿ ನನ್ನ ಕೆಲಸಕ್ಕೆ ಹೋಗುತ್ತಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಇವರು ಬಡಗಿಯನ್ನು ಕರೆತಂದು ಮಾವನ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸಿದರು. ಮಾವ ಒಳಗೆ ಮಂಚದ ಉಳಿದ ಹಲಗೆಗಳ ಮೇಲೆ ಕೂತು ಅದನ್ನೇ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ದನಾ ಕಟ್ಟಿ ಹಾಕ್ದಂಗೆ ಹಾಕ್ತ್ರಾ ಅಪ್ಪನ್ನ?"

"ನಾಳೆ ಲಾರಿ ಅಡಿಗೆ ಬಿದ್ರೆ? ನೀ ಹೊಣೆಯಾ?"

"ಅದಕ್ಕೆ ಚಿಲಕವಾ? ನಾಚಿಕೆ ಆಗೂದಿಲ್ವಾ?"

"ಆಗ್ತದೆ" ಎಂದರು ಇವರು. "ಇನ್ನೊಂದೇ ಸಲ. ಇವತ್ತು ಹೋದ್ರೆ, ನಾಳಿಂದ ಸಂಜೆಗೆಲ್ಲ ಒಳಗೇ. ನನಗೆ ಬೇರೆ ದಾರಿ ಗೊತ್ತಿಲ್ಲ."

ನನಗೂ ಗೊತ್ತಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಇವರು ಸಿಟ್ಟಿನಲ್ಲೇ ಆಫೀಸಿಗೆ ಹೊರಟುಹೋದರು.

ಆ ದಿನ ಸಂಜೆ ನಾನು ಕುರ್ಚಿಯನ್ನು ಗೇಟಿಗೆ ತಾಗಿಸಿಯೇ ಕೂತೆ. ಹೋಗಬೇಡಿ ಮಾವ, ಇವತ್ತೊಂದು ದಿನ ಹೋಗಬೇಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನಾಲ್ಕು ಕಳೆಯಿತು, ಐದು ಕಳೆಯಿತು. ಆರರ ಹತ್ತಿರ ಅಕ್ಕಿ ತೊಳೆದಿಡೋಣವೆಂದು ಎದ್ದು ಒಳಗೆ ಹೋದದ್ದು ಅಷ್ಟೆ. ತಿರುಗಿ ಬಂದರೆ ಹಿತ್ತಲ ಬಾಗಿಲು ತೆರೆದಿತ್ತು.

ನಾನು ಬರಿಗಾಲಲ್ಲಿ ಓಡಿದೆ. ಪಕ್ಕದ ಮನೆಯ ಕೊಂಕಣಿ ಮಾತಾಡುವ ಹೆಂಗಸು ಅಂಗಳದಲ್ಲಿ ಮೀನು ಹೆಚ್ಚುತ್ತಿದ್ದಳು. "ನಿಮ್ಮ ಅಜ್ಜ ನಾಲಾ ಬದಿಗೆ ಹೋದ್ರು ನೋಡಿ" ಅಂದಳು. "ದಿನಾ ಹೋಗ್ತಾರಲ್ಲ, ಹಲಗೆ ಹಿಡ್ಕೊಂಡು. ಎಂತ ಕಟ್ಟಿಸ್ತೀರಿ ಅಲ್ಲಿ?"

ನಮ್ಮ ಬೀದಿಯ ಕೊನೆಯಲ್ಲಿ ಒಂದು ದೊಡ್ಡ ನಾಲಾ ಇದೆ. ಊರಿನ ಕೊಳಚೆ ಹೊತ್ತು ಸಮುದ್ರಕ್ಕೆ ಹೋಗುತ್ತದೆ. ಮೂಗು ಮುಚ್ಚಿಕೊಂಡು ದಾಟುವ ಜಾಗ. ಅಲ್ಲಿ ಮೋರಿಯ ಬಾಯಲ್ಲಿ, ಮೊಣಕಾಲು ಮುಳುಗುವ ನೀರಿನಲ್ಲಿ ಮಾವ ನಿಂತಿದ್ದರು. ಮಂಚದ ಮೂರು ಹಲಗೆ ಕಲ್ಲಿನ ಸಂದಿಗೆ ಸಿಕ್ಕಿಸಿ ನಿಲ್ಲಿಸಿದ್ದರು. ನಾಲ್ಕನೆಯದನ್ನು ಕೂರಿಸಲು ಒದ್ದಾಡುತ್ತಿದ್ದರು. ನೀರಿನ ಮೇಲೆ ಒಂದು ಪ್ಲಾಸ್ಟಿಕ್ ಬಾಟಲಿ ತೇಲುತ್ತಿತ್ತು. ಅದು ಸಮುದ್ರದ ಕಡೆಗೆ ಹೋಗುತ್ತಿರಲಿಲ್ಲ. ಸಮುದ್ರದ ಕಡೆಯಿಂದ ನಮ್ಮ ಕಡೆಗೆ ಬರುತ್ತಿತ್ತು.

ನನ್ನ ತವರು ಮಂಜಗುಣಿ. ಗಂಗಾವಳಿ ಹೊಳೆ ದಿನಕ್ಕೆ ಎರಡು ಸಲ ಹಿಂದಕ್ಕೆ ಹರಿಯುವುದನ್ನು ನೋಡಿಯೇ ಬೆಳೆದವಳು. ಇಳಿತ ಮುಗಿದು ಭರತ, ಎಂದರೆ ಸಮುದ್ರದ ಉಬ್ಬರ, ತಿರುಗುವ ಹೊತ್ತು ಇದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಇವತ್ತು ಆರಕ್ಕೆ ತಿರುಗಿದರೆ ನಾಳೆ ಮುಕ್ಕಾಲು ತಾಸು ತಡ, ನಾಡಿದ್ದು ಇನ್ನೂ ತಡ. ತಿಥಿ ಗೊತ್ತಿದ್ದವರಿಗೆ ಗಡಿಯಾರ ಬೇಡ. ನಾವು ಗಂಡ ಹೆಂಡತಿ ನಾಲ್ಕು ದಿನದಿಂದ ಗಡಿಯಾರ ನೋಡುತ್ತ ಕೂತಿದ್ದೆವು!

ಶೆಟಗೇರಿಯಲ್ಲಿ ನಮ್ಮದು ಗಜನಿ ಗದ್ದೆ. ಉಪ್ಪುನೀರು ಬಂದು ಹೋಗುವ ಹಳ್ಳದ ಅಂಚಿನ ಗದ್ದೆಗೆ ಹಾಗೆನ್ನುತ್ತಾರೆ. ಸುತ್ತ ಮಣ್ಣಿನ ಕಟ್ಟೆ, ಕಟ್ಟೆಗೆ ಒಂದು ಹಲಗೆಯ ಬಾಗಿಲು. ಇಳಿತದಲ್ಲಿ ತೆರೆದು ಗದ್ದೆಯ ನೀರು ಹೊರಗೆ ಬಿಡಬೇಕು, ಭರತ ತಿರುಗುವ ಮೊದಲು ಮುಚ್ಚಬೇಕು. ಒಂದು ಸಲ ತಪ್ಪಿದರೆ ಊರಿನ ಭತ್ತವೆಲ್ಲ ಉಪ್ಪಿಗೆ ಸುಟ್ಟು ಹೋದ ಹಾಗೆಯೇ. ಆ ಬಾಗಿಲು ನೋಡಿಕೊಳ್ಳುವ ಕೆಲಸ ಮಾವನದು. ನಮ್ಮ ಮದುವೆಯ ದಿನವೂ ಊಟದ ಪಂಕ್ತಿಯಿಂದ ಅರ್ಧಕ್ಕೇ ಎದ್ದು ಹೋಗಿದ್ದರು. ಬಾಗಿಲು ಮುಚ್ಚಿ ಬಂದು ತಣ್ಣಗಾದ ಅನ್ನ ಉಂಡಿದ್ದರು.

"ಏ ತಂಗಿ, ನೋಡ್ತಾ ನಿಂತ್ಯಲ್ಲ! ಹಲಗೆ ಹಿಡಿ, ನೀರು ಏರ್ತಾ ಅದೆ!"

ನನ್ನನ್ನೇ ಕೂಗಿದ್ದು. ನಾನು ಸೀರೆ ಎತ್ತಿ ಕಟ್ಟಿ ಆ ಕೊಳಚೆಗೆ ಇಳಿದೆ. ಹೇಸಿಗೆಯಾಯಿತು, ಹೌದು. ಎರಡೂ ಕೈಯಲ್ಲಿ ಹಲಗೆ ಒತ್ತಿ ಹಿಡಿದೆ. ಮಾವ ಬಾಗಿ ಬಾಗಿ ಕೆಸರು ತೆಗೆದು ಸಂದಿಗಳಿಗೆ ಮೆತ್ತಿದರು. ಅಂಗಿಯ ಗುಂಡಿ ಹಾಕಲು ನಡುಗುವ ಬೆರಳುಗಳು ಅವು. ಅಲ್ಲಿ ಒಂಚೂರೂ ನಡುಗಲಿಲ್ಲ.

ಅಷ್ಟರಲ್ಲಿ ಇವರ ಬೈಕ್ ಬಂತು. ಪಕ್ಕದ ಮನೆಯವಳು ಹೇಳಿರಬೇಕು. ಗಾಡಿ ನಿಲ್ಲಿಸಿ ಓಡಿ ಬಂದವರೇ, "ಅಪ್ಪಾ, ಸಾಕು ಮೇಲೆ ಬಾ!" ಎಂದು ಮಾವನ ರಟ್ಟೆಗೆ ಕೈ ಹಾಕಿದರು.

"ಮುಟ್ಟಬೇಡಿ!" ಎಂದು ಚೀರಿದೆ. "ಭರತ ತಿರುಗ್ತಾ ಅದೆ. ಬಾಗಿಲು ಹಾಕ್ತಾ ಇದಾರೆ, ನೋಡಿ. ಗಜನಿ ಬಾಗಿಲು!"

ಇವರು ನೀರು ನೋಡಿದರು, ಹಲಗೆ ನೋಡಿದರು. ಕೈ ತಾನಾಗಿ ಕೆಳಗಿಳಿಯಿತು. ಗಜನಿ ಗದ್ದೆಯ ಅನ್ನ ಉಂಡು ದೊಡ್ಡವರಾದವರಲ್ಲವೇ, ಬಿಡಿಸಿ ಹೇಳಬೇಕಾಗಲಿಲ್ಲ. ಚಪ್ಪಲಿ ಬಿಟ್ಟು ತಾವೂ ಇಳಿದು ಕೆಸರು ಎತ್ತಿಕೊಟ್ಟರು.

ಕೊನೆಯ ಸಂದಿ ಮುಚ್ಚಿ ಮಾವ ಸೊಂಟ ನೆಟ್ಟಗೆ ಮಾಡಿದರು. "ಆತು. ಇನ್ನು ಹೆದರಿಕೆ ಇಲ್ಲ" ಎಂದರು. ಹಲಗೆಗಳ ಅಡಿಯಿಂದ ನೀರು ತನ್ನ ಪಾಡಿಗೆ ಒಳಗೆ ಬರುತ್ತಲೇ ಇತ್ತು.

ಮೇಲೆ ಹತ್ತಿ ಬಂದ ಮಾವ ಹೆದ್ದಾರಿಯ ದಿಕ್ಕಿಗೆ ನೋಡಿದರು. ಮೂರು ದಿನವೂ ಇಲ್ಲಿಂದಲೇ ಊರ ಮನೆಗೆ ಹೊರಟವರು. ಇನ್ನು ಹೊರಡುತ್ತಾರೆ, ಇವರು ಎಳೆದುಕೊಂಡು ಬರಬೇಕು, ನಾಳೆಯಿಂದ ಆ ಚಿಲಕ. ಆದರೆ ಮಾವ ಇವರ ಕಡೆ ತಿರುಗಿ, ಪರಿಚಯವಿಲ್ಲದವರ ಹತ್ತಿರ ಕೇಳುವ ಸಂಕೋಚದಿಂದ ಕೇಳಿದರು:

"ತಮ್ಮಾ, ನಮ್ಮನೆ ಬಾಳ ದೂರ. ಈಗ ನಡೂಕೆ ಆಗೂದಿಲ್ಲ. ನಿಮ್ಮನೆಲಿ ಒಂದು ರಾತ್ರಿಗೆ ಜಾಗ ಆಗ್ತದಾ?"

ಇವರು ನನ್ನ ಮುಖ ನೋಡಿದರು. ಆಮೇಲೆ, ಹುಟ್ಟಿದಾಗಿನಿಂದ ಅಪ್ಪನನ್ನು 'ನೀ' ಎಂದೇ ಕರೆದ ನನ್ನ ಗಂಡ, "ಬನ್ನಿ. ನಮ್ಮನೆ ಇಲ್ಲೇ ಹತ್ರ" ಎಂದರು.

ಮಾವ ನಮ್ಮ ಜೊತೆ ನಡೆದು ಬಂದರು. ಯಾರೂ ಕೈ ಹಿಡಿಯಲಿಲ್ಲ. ಗೇಟಿನ ಒಳಗಿನ ನಲ್ಲಿಯ ಹತ್ತಿರ ನಿಂತರು. ಇವರು ತಂಬಿಗೆ ತುಂಬಿ, ಕುಕ್ಕರಗಾಲಲ್ಲಿ ಕೂತು ಅವರ ಕಾಲಿನ ಕೆಸರು ತೊಳೆಯತೊಡಗಿದರು.

"ಬೇಡ ತಮ್ಮಾ, ನಾ ತೊಳ್ಕಂತೆ" ಎಂದರು ಮಾವ. ಇವರು ಬಿಡಲಿಲ್ಲ. ಮಾವ ಸ್ವಲ್ಪ ಹೊತ್ತು ಇವರ ತಲೆಯನ್ನೇ ನೋಡುತ್ತ ನಿಂತಿದ್ದರು.

"ಪುಣ್ಯವಂತ ನಿನ್ನ ಅಪ್ಪ" ಎಂದರು. "ಇದಾನಾ?"

"ಇದಾರೆ" ಎಂದರು ಇವರು, ತಲೆ ಎತ್ತದೆ.