ಬರಿಗಾಲಿನ ಟ್ರಯಲ್

ಮೌಲಾಸಾಬರ ಅಂಗಡಿಯ ಮುಂದೆ ಅವರ ಚಪ್ಪಲಿ ಕಂಡರೆ ಮೌಲಾಸಾಬರು ಅಂಗಡಿಯಲ್ಲಿ ಇಲ್ಲ ಎಂದು ಅರ್ಥ. ಮಾನ್ವಿಯಲ್ಲಿ ಬೈಕು ಇಟ್ಟುಕೊಂಡವರಿಗೆಲ್ಲ ಇದು ಗೊತ್ತಿತ್ತು. ರಿಪೇರಿ ಮುಗಿದ ಮೇಲೆ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡುವುದಕ್ಕೆ ಮಿಸ್ತ್ರಿಗಳು ಟ್ರಯಲ್ ಅನ್ನುತ್ತಾರಲ್ಲ, ಆ ಟ್ರಯಲ್‌ಗೆ ಅವರು ಬರಿಗಾಲಲ್ಲೇ ಹೋಗುತ್ತಿದ್ದರು. ಚಪ್ಪಲಿಗಳನ್ನು ಬಾಗಿಲ ಪಕ್ಕ ಜೋಡಿಸಿಟ್ಟು, ಪ್ಯಾಂಟಿನ ತುದಿಯನ್ನು ಒಂದು ಮಡಿಕೆ ಮೇಲೇರಿಸಿ, ಬಿಸ್ಮಿಲ್ಲಾ ಎಂದು ಹತ್ತುತ್ತಿದ್ದರು. ನಮ್ಮ ಕಡೆಯ ಬೇಸಿಗೆಯಲ್ಲಿ ಡಾಂಬರು ಕರಗಿ ಅಂಟುವ ಹೊತ್ತಿನಲ್ಲೂ ಈ ಕ್ರಮ ತಪ್ಪುತ್ತಿರಲಿಲ್ಲ. ಗೇರನ್ನು ಎತ್ತಿ ಎತ್ತಿ ಅವರ ಎಡಗಾಲಿನ ಹೆಬ್ಬೆರಳ ಮೇಲೆ ಕಪ್ಪಗೆ ಜಡ್ಡುಗಟ್ಟಿತ್ತು.

“ಕಿವಿ ಮೋಸ ಮಾಡ್ತದ್ರೀ ಮಾಸ್ತರ್ರ,” ಎಂದು ಒಮ್ಮೆ ನನಗೆ ವಿವರಿಸಿದ್ದರು. “ಗದ್ದಲದಾಗ ಇಲ್ಲದ್ದು ಕೇಳಿಸ್ತದ, ಇದ್ದದ್ದು ಕೇಳಸಂಗಿಲ್ಲ. ಅಂಗಾಲು ಹಂಗಲ್ಲ. ಎಂಜಿನ್ನಿನಾಗ ಒಂದು ನಟ್ ಸಡ್ಲ ಆದ್ರೂ ಅದಕ್ಕ ತಿಳೀತದ.”

ನಾನು ಮಾನ್ವಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವನು. ನಲವತ್ತೈದು ದಾಟಿದ ಮೇಲೆ ನನಗೊಂದು ಹುಚ್ಚು ಹಿಡಿಯಿತು. ಈಗ ಪೇಟೆಗೆ ಬರುತ್ತಿವೆಯಲ್ಲ, ಹಳೇ ಕಾಲದ ರೂಪದ ಹೊಸ ಗಾಡಿಗಳು, ಅಂಥದೊಂದನ್ನು ರಾಯಚೂರಿನ ಶೋರೂಮಿನಿಂದ ತಂದೆ. ದುಂಡನೆಯ ದೀಪ, ಗುಂಡಗೆ ಉಬ್ಬಿದ ಟ್ಯಾಂಕು, ಅದರ ಮೇಲೊಂದು ಬಂಗಾರದ ಗೆರೆ, ಗಡಿಯಾರದಂಥ ಮೀಟರು. ನೋಡಿದವರು ಯಾರೋ ಜಮೀನುದಾರರ ಮನೆಯ ಹಳೇ ಗಾಡಿ ಅನ್ನಬೇಕು, ಹಾಗಿತ್ತು. ಒಳಗೆ ಮಾತ್ರ ಎಲ್ಲ ಸೆನ್ಸರು, ವೈರು, ಕಂಪ್ಯೂಟರು. ಪೂಜೆ ಮುಗಿಸಿ ಸೀದಾ ಮೌಲಾಸಾಬರ ಹತ್ತಿರ ಒಯ್ದೆ. ಅವರು ಅದರ ಸುತ್ತ ಎರಡು ಸಲ ಅಡ್ಡಾಡಿ ನಕ್ಕುಬಿಟ್ಟರು.

“ಮಾಸ್ತರ್ರ, ಮ್ಯಾಲ ಅಜ್ಜನ ತಲಿ ರುಂಬಾಲು ಅದ, ಒಳಗ ಕಾಲೇಜಿಗೆ ಹೋಗೋ ಹುಡುಗ ಕುಂತಾನ. ಇಂಥವರ ಜೋಡಿ ಮಾತಾಡೋದು ಕಷ್ಟ. ಯಾವಾಗ ಯಪ್ಪಾ ಅನಬೇಕು, ಯಾವಾಗ ಲೇ ಅನಬೇಕು, ತಿಳಿಯಂಗಿಲ್ಲ.”

ಗಾಡಿಯನ್ನು ನಾನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಭಾನುವಾರ ಬಂತೆಂದರೆ ಮೇಣದ ಪಾಲಿಶ್ ಡಬ್ಬಿ, ಹಳೇ ಬನಿಯನ್ ತುಂಡು ಹಿಡಿದು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದೆ. ಟ್ಯಾಂಕಿನಲ್ಲಿ ನನ್ನ ಮುಖ ಕಾಣುವವರೆಗೂ ಬಿಡುತ್ತಿರಲಿಲ್ಲ. “ಅದರಾಗ ಅರ್ಧ ನಿಮ್ಮ ಮಾರಿಗೆ ಹಚ್ಕೊಂಡಿದ್ರ ನೀವೂ ಹೊಸಬರಾಗಿ ಕಾಣ್ತಿದ್ರಿ,” ಎಂದು ನನ್ನ ಹೆಂಡತಿ ಅನ್ನುತ್ತಿದ್ದಳು. ಅವಳ ಮಾತನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಈ ಗಾಡಿ ತರುವ ಮುಂಚಿನಿಂದಲೂ ಸಂಜೆ ಶಾಲೆ ಬಿಟ್ಟ ಮೇಲೆ ಮೌಲಾಸಾಬರ ಅಂಗಡಿಯಲ್ಲಿ ಕೂಡುವುದು ನನಗೆ ರೂಢಿಯಾಗಿತ್ತು. ಹೊರಗೆ ಒಂದು ಬೆಂಚು, ಒಳಗೆ ಹಳೇ ಟೈರುಗಳ ಗೋಡೆ, ಗೋಡೆಯ ಹಿಂದೆ ಒಂದು ಸ್ಟೂಲು. ಒಂದು ದಿನ ಬಾಗಲವಾಡದಿಂದ ಹಾಲು ತರುವ ಬಸಣ್ಣ ಬಂದು, ಗಾಡಿ ಕಿರಕಿರ ಅನ್ನುತ್ತದೆ, ಪಿಸ್ಟನ್ನೇ ಹೋಗಿದೆ ಎಂದು ಬೆಂಚಿನ ಮೇಲಿದ್ದವರಿಗೆಲ್ಲ ಭಾಷಣ ಬಿಗಿದ. ತಾನೂ ಅರ್ಧ ಮಿಸ್ತ್ರಿಯೇ ಎಂಬ ಠೀವಿ. ಮೌಲಾಸಾಬರು ಖಾಲಿ ಕ್ಯಾನುಗಳ ಸಮೇತ ಟ್ರಯಲ್‌ಗೆ ಹೋಗಿ ಬಂದರು. ಹೊರಗೆ ಏನೂ ಹೇಳಲಿಲ್ಲ. “ಬಸಣ್ಣ, ಒಳಗ ಬಾ, ಒಂದ್ ಮಾತದ,” ಎಂದು ಟೈರುಗಳ ಹಿಂದೆ ಕರೆದುಕೊಂಡು ಬಂದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರಿಂದ ನನಗೆ ಕೇಳಿಸಿತು. “ಗಾಡಿದಾಗ ಏನೂ ಇಲ್ಲೋ. ಕ್ಯಾನಿನ ಮುಚ್ಚಳದ ಸರಪಳಿ ಬಡಿಯಾಕತ್ತದ. ಒಂದು ಹಗ್ಗ ಕಟ್ಟಿಬಿಡು.” ಬಸಣ್ಣ ಹೊರಗೆ ಬಂದು, “ಸಣ್ಣ ಕೆಲಸ ಇತ್ತು, ಮುಗೀತು,” ಎಂದು ಗತ್ತಿನಿಂದಲೇ ಹೊರಟುಹೋದ.

ಬೆಂಚಿನ ಮುಂದೆಯೇ ಹೇಳಿದ್ದರೆ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರಲ್ಲ ಎಂದು ನಾನು ಕೇಳಿದೆ.

“ನಕೋ, ಬ್ಯಾಡ್ರಿ ಮಾಸ್ತರ್ರ,” ಎಂದರು. “ಗಾಡಿ ತಪ್ಪು ಬಯಲಾಗ ಹೇಳಬೇಕು. ಮನಶ್ಯಾನ ತಪ್ಪು ಒಳಗ ಕರದು ಹೇಳಬೇಕು.”

ಈ ಮಾತನ್ನು ನಾನು ತರಗತಿಯಲ್ಲಿ ಮಕ್ಕಳಿಗೂ ಎಷ್ಟೋ ಸಲ ಹೇಳಿದ್ದೇನೆ. ಹೇಳುವುದಕ್ಕೇನು, ಬಾಯಿ ನಮ್ಮದೇ.

ಎರಡನೇ ವರ್ಷದಲ್ಲಿ ನನ್ನ ಗಾಡಿಗೆ ಒಂದು ರೋಗ ಅಂಟಿತು. ಊರೊಳಗೆ ಏನೂ ಇಲ್ಲ. ರಾಯಚೂರಿನ ಕಡೆ ಹೊರಟರೆ ಅರ್ಧ ತಾಸು ಚೆನ್ನಾಗಿ ಓಡಿ, ಕುರ್ಡಿಯ ಆಸುಪಾಸಿನಲ್ಲಿ ಎರಡು ಸಲ ಮುಕ್ಕರಿಸಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಕಾದರೆ ಏನೂ ಆಗದಂತೆ ಮತ್ತೆ ಚಾಲೂ ಆಗುತ್ತಿತ್ತು. ಶೋರೂಮಿನವರು ವೈರು ಚುಚ್ಚಿ ನೋಡಿ, “ಕಂಪ್ಯೂಟರಿನಾಗ ಏನೂ ತೋರಸವಲ್ದು ಸರ್, ಗಾಡಿ ಓಕೆ ಅದ,” ಎಂದರು. ಕೊನೆಗೆ ಮೌಲಾಸಾಬರನ್ನು ಕೇಳಿದೆ. ಅವರು, “ಎರಡು ದಿನ ಬಿಡ್ರಿ. ಅದು ನಿಲ್ಲೋ ಹೊತ್ತಿನಾಗ ನಾನು ಅದರ ಮ್ಯಾಲ ಇರಬೇಕು,” ಎಂದರು.

ಗಾಡಿ ಬಿಟ್ಟು ಬರುವ ಮುಂಚೆ ನಾನು ಅವರ ಕಣ್ಣು ತಪ್ಪಿಸಿ ಮೀಟರಿನ ಫೋಟೋ ಹೊಡೆದುಕೊಂಡೆ. ಇದನ್ನು ಯಾರೋ ಕಲಿಸಿದರು ಎಂದು ಹೇಳಬಹುದಿತ್ತು. ಮಿಸ್ತ್ರಿಗಳು ಗಿರಾಕಿಯ ಗಾಡಿಯಲ್ಲಿ ಮದುವೆ ಮುಂಜಿಗೆ ಹೋಗಿ ಬರುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ದಿನಾ ಆಡಿಕೊಳ್ಳುತ್ತಾರೆ. ಆದರೆ ಆವತ್ತು ನನಗೆ ಯಾರೂ ಏನೂ ಹೇಳಿರಲಿಲ್ಲ. ನನ್ನ ಬೆರಳು ತಾನಾಗಿಯೇ ಮೊಬೈಲಿಗೆ ಹೋಗಿತ್ತು. ಆರು ವರ್ಷ ಆ ಮನುಷ್ಯನ ಸ್ಟೂಲಿನ ಮೇಲೆ ಕೂತು ಅವರ ಚಹಾ ಕುಡಿದವನು ನಾನು.

ಮರುದಿನ ಕಿರಾಣಿ ಅಂಗಡಿಯವರೊಬ್ಬರು, “ನಿಮ್ಮ ಗಾಡಿ ದೇವದುರ್ಗದ ಹಾದ್ಯಾಗ ನೋಡಿದೆನಲ್ಲ, ಮಿಸ್ತ್ರಿ ಗಿಡದ ನೆಳ್ಳಿಗೆ ಆರಾಮ ಕುಂತಿದ್ದ,” ಎಂದರು. ಮೌಲಾಸಾಬರ ಮಗಳನ್ನು ದೇವದುರ್ಗಕ್ಕೆ ಕೊಟ್ಟದ್ದು ನನಗೆ ಗೊತ್ತಿತ್ತು. ನಾನು ಗಣಿತದವನು, ಎರಡಕ್ಕೆ ಎರಡು ಕೂಡಿಸಿದೆ. ಸಂಜೆ ಅಂಗಡಿಗೆ ಹೋದಾಗ ಬೆಂಚಿನ ಮೇಲೆ ನಾಲ್ಕೈದು ಮಂದಿ ಇದ್ದರು. ಮೊದಲು ನೋಡಿದ್ದು ಮೀಟರನ್ನು. ತೊಂಬತ್ತೆಂಟು ಕಿಲೋಮೀಟರ್ ಹೆಚ್ಚಾಗಿತ್ತು. ಮೌಲಾಸಾಬರು ಆಗಷ್ಟೇ ಇನ್ನಾರದೋ ಗಾಡಿಯ ಟ್ರಯಲ್ ಮುಗಿಸಿ ಇಳಿಯುತ್ತಿದ್ದರು, ಇನ್ನೂ ಬರಿಗಾಲಲ್ಲೇ ಇದ್ದರು.

“ಮಿಸ್ತ್ರಿ, ಮಗಳು ಆರಾಮ ಅದಾಳೇನು?” ಎಂದೆ.

“ಅದಾಳ್ರಿ, ಆರಾಮ ಅದಾಳ,” ಎಂದರು ಮುಖ ಅರಳಿಸಿ.

“ಇರ್ಲೇಬೇಕಲ್ಲ. ನನ್ನ ಗಾಡಿ ಮ್ಯಾಲ ಹೋಗಿ ನೋಡಿ ಬಂದೀರಿ,” ಎಂದು ಮೊಬೈಲ್ ತೆಗೆದು ಫೋಟೋ ಅವರ ಮುಖದ ಮುಂದೆ ಹಿಡಿದೆ. “ತೊಂಬತ್ತೆಂಟು ಕಿಲೋಮೀಟರ್. ಇದಕ್ಕ ಟ್ರಯಲ್ ಅಂತಾರೇನು?”

ಬೆಂಚಿನ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಮೌಲಾಸಾಬರು ಬಟ್ಟೆಗೆ ಕೈ ಒರೆಸಿಕೊಂಡು ಆ ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, “ಒಳಗ ಬರ್ರಿ ಮಾಸ್ತರ್ರ, ಒಂದ್ ಮಾತದ,” ಎಂದರು.

ಒಳಗೆ ಕರೆಯುವುದೆಂದರೆ ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಆ ಹೊತ್ತಿನಲ್ಲಿ, ಕೈ ಕಾಲು ಹಿಡಿಯುವುದಕ್ಕೆ ಕರೆಯುತ್ತಿದ್ದಾರೆ ಎಂದೇ ನನಗೆ ಅನಿಸಿತು. “ಒಳಗ್ಯಾಕ? ಏನ್ ಹೇಳೋದದ ಇಲ್ಲೇ ಹೇಳ್ರಿ, ಎಲ್ಲರೂ ಕೇಳ್ಲಿ,” ಎಂದೆ.

ಅವರು ಬೆಂಚಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. “ಏನಿಲ್ರಿ. ಗಾಡಿ ರೆಡಿ ಆಗ್ಯದ. ಇನ್ನ ನಿಲ್ಲಂಗಿಲ್ಲ,” ಎಂದು ಕೀಲಿ ನನ್ನ ಕೈಗಿಟ್ಟು, ಹೋಗಿ ಚಪ್ಪಲಿ ಮೆಟ್ಟಿಕೊಂಡರು.

ಗಾಡಿ ನಿಜವಾಗಿಯೂ ನಿಲ್ಲಲಿಲ್ಲ. ರಾಯಚೂರಿಗೆ ಹತ್ತು ಸಲ ಹೋಗಿ ಬಂದೆ, ಒಮ್ಮೆಯೂ ಕೆಮ್ಮಲಿಲ್ಲ. ಹೋಗಿ ಎರಡು ಒಳ್ಳೆಯ ಮಾತಾಡಬೇಕು ಅನಿಸುತ್ತಿತ್ತು. ಕೆಲಸ ಚೆನ್ನಾಗಿ ಮಾಡಿದರೂ ಗಾಡಿ ಬಳಸಿಕೊಂಡದ್ದು ತಪ್ಪೇ ಅಲ್ಲವೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆಯಿಲ್ ಬದಲಿಸಲು ಹೋದಾಗ ಅವರು ಮೊದಲಿನಂತೆಯೇ ಬರ್ರಿ ಎಂದರು, ಚಹಾ ತರಿಸಿದರು. ಕೆಲಸ ಮುಗಿದ ಮೇಲೆ ಮಾತ್ರ ಕೀಲಿ ನನಗೇ ಕೊಟ್ಟು, “ನೀವಾ ಹೊಡದು ನೋಡ್ರಿ,” ಎಂದರು. ನನ್ನ ಗಾಡಿಗೆ ಮಾತ್ರ ಹೀಗೆ ಎಂದುಕೊಂಡಿದ್ದೆ. ಬಸಣ್ಣನಿಗೂ ಹಾಗೇ ಹೇಳಿದರಂತೆ. ಬರುಬರುತ್ತ ಅಂಗಡಿಯ ಮುಂದೆ ಆ ಚಪ್ಪಲಿ ಕಾಣಿಸುವುದೇ ನಿಂತುಹೋಯಿತು. ಟ್ರಯಲ್ ಇಲ್ಲದ ಮಿಸ್ತ್ರಿಯ ಕೈಗೆ ಕೆಲವು ಗಾಡಿಗಳು ಎರಡು ಮೂರು ಸಲ ವಾಪಸು ಬಂದವು. ಮಿಸ್ತ್ರಿಗೆ ವಯಸ್ಸಾಯಿತು ಎಂದು ಜನ ಮಾತಾಡಿದರು, ನಾನೂ ಅವರ ಜೊತೆ ಹೂಂ ಎಂದೆ. ವರ್ಷ ತುಂಬುವುದರೊಳಗೆ ಅಂಗಡಿ ಮುಚ್ಚಿತು. ದೇವದುರ್ಗಕ್ಕೆ ಮಗಳ ಊರಿಗೆ ಹೋದರು ಎಂದು ಗೊತ್ತಾಯಿತು.

ಅದರ ಮುಂದಿನ ವರ್ಷ ಗಾಡಿ ಮತ್ತೆ ಕುರ್ಡಿಯ ಹತ್ತಿರ ನಿಂತಿತು. ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣ ಎಂದು ಟ್ಯಾಂಕಿನ ಮುಚ್ಚಳ ತೆಗೆದೆ. ಸೊಂಯ್ ಎಂದು ಗಾಳಿ ಒಳಗೆ ನುಗ್ಗಿತು, ಗಾಡಿ ತಕ್ಷಣ ಚಾಲೂ ಆಯಿತು. ರಾಯಚೂರಿನಲ್ಲಿ ಒಬ್ಬ ಮಿಸ್ತ್ರಿಗೆ ತೋರಿಸಿದೆ. ಅವನು ಮುಚ್ಚಳವನ್ನು ಬೆಳಕಿಗೆ ಹಿಡಿದು ನಕ್ಕ.

“ಸರ್, ಈ ಮುಚ್ಚಳಕ್ಕ ಸೂಜಿಯಷ್ಟು ತೂತದ ನೋಡ್ರಿ. ಪೆಟ್ರೋಲ್ ಇಳಿದಂಗ ಇದರಾಗಿಂದ ಗಾಳಿ ಒಳಗ ಹೋಗಬೇಕು. ಇಲ್ಲಾಂದ್ರ ಟ್ಯಾಂಕಿಗೆ ಉಸಿರು ಕಟ್ಟತದ, ಎಂಜಿನ್ನಿಗೆ ಪೆಟ್ರೋಲ್ ಸಿಗಂಗಿಲ್ಲ. ಯಾರು ಈ ಪರಿ ಮೇಣ ತಿಕ್ಕಿದವರು? ತೂತು ಪೂರಾ ಮುಚ್ಚಿಬಿಟ್ಟಾರ.” ಸೂಜಿ ಆಡಿಸುತ್ತ ಮತ್ತೆ ಹೇಳಿದ. “ಮೊದಲೂ ಒಂದ್ಸಲ ಯಾರೋ ಜಾಣ ಮಿಸ್ತ್ರಿ ಇದನ್ನ ಬಿಡಿಸ್ಯಾನ. ಮೇಣ ಒಳಗ ಇಳೀಬಾರದಂತ ತೂತಿನ ಸುತ್ತ ಒಂದು ಗೀರು ಕೊರದಾನ ನೋಡ್ರಿ. ಇದನ್ನ ಹಿಡಿಯಾಕ ಅವಾ ಎಷ್ಟು ದೂರ ಹೊಡದಾನೋ ಏನೋ.”

ಎಷ್ಟು ದೂರ ಎಂದು ನನಗೆ ಗೊತ್ತಿತ್ತು. ಫೋಟೋ ಇನ್ನೂ ಮೊಬೈಲಿನಲ್ಲೇ ಇತ್ತು.

ತಪ್ಪು ಗಾಡಿಯದಲ್ಲ, ನನ್ನದು ಎಂದು ಹೇಳುವುದಕ್ಕೆ ಅವರು ನನ್ನನ್ನು ಒಳಗೆ ಕರೆದಿದ್ದರು. ಎಲ್ಲರೂ ಕೇಳಲಿ ಎಂದು ನಾನು ಸವಾಲು ಹಾಕಿದಾಗಲೂ ಬಾಯಿ ಬಿಡಲಿಲ್ಲ. ಒಂದೇ ಒಂದು ವಾಕ್ಯ ಹೇಳಿದ್ದರೆ ಆ ಬೆಂಚು ನನ್ನನ್ನು ನೋಡಿ ನಗುತ್ತಿತ್ತು, ಅವರು ಕಳ್ಳರಾಗುತ್ತಿರಲಿಲ್ಲ.

ಭಾನುವಾರ ಅದೇ ಗಾಡಿಯ ಮೇಲೆ ದೇವದುರ್ಗಕ್ಕೆ ಹೋದೆ. ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ, ಮಗಳ ಮನೆಗೆ ಅಂಟಿಕೊಂಡು ಒಂದು ಪಂಚರ್ ಅಂಗಡಿ ಹಾಕಿಕೊಂಡಿದ್ದರು. ಗಡ್ಡ ಪೂರಾ ಬೆಳ್ಳಗಾಗಿತ್ತು. ನೀರಿನ ಬೋಗುಣಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದವರು ನನ್ನನ್ನು ನೋಡಿ ಎದ್ದೇ ನಿಂತರು. “ಅರೆ, ಮಾಸ್ತರ್ರು! ಬರ್ರಿ, ಬರ್ರಿ.” ಎಂಜಿನ್ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದರೆ, “ಇದಾ ಚಲೋ ಅದ್ರಿ. ಪಂಚರಿಗೆ ಟ್ರಯಲ್ ಬೇಕಾಗಂಗಿಲ್ಲ,” ಎಂದು ಸಹಜವಾಗಿ ಹೇಳಿದರು. ಚುಚ್ಚುವುದಕ್ಕೆ ಹೇಳಿದ್ದಲ್ಲ. ಚುಚ್ಚಿದ್ದರೆ ನನಗೆ ಹಗುರಾಗುತ್ತಿತ್ತು.

ಮಗಳು ಚಹಾ ತಂದಳು. ನನ್ನ ಗಾಡಿಯ ಕಡೆ ನೋಡಿ, “ಇದಾ ಏನ್ರಿ ಅದು? ಒಂದ್ಸಲ ನಮ್ಮ ಅಬ್ಬಾ ಇದರ ಮ್ಯಾಲ ಊರ ತನಕ ಬಂದಿದ್ರು,” ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. “ಊರ ಹೊರಗಿಂದ ಫೋನ್ ಮಾಡಿದ್ರು. ಬಂದು ಒಂದು ಕಪ್ ಚಾ ಕುಡದು ಹೋಗ್ರಿ ಅಂದೆ. ಮಂದಿ ಗಾಡಿ ಅದ ಬೇಟಿ, ಟ್ರಯಲ್‌ಗೆ ತಂದೀನಿ, ಮನಿ ಬಾಗಿಲಿಗೆ ತರಬಾರದು ಅಂದ್ರು. ಹಂಗಾ ಹೊಳ್ಳಿ ಹೋದ್ರು.”

ಚಹಾದ ಲೋಟ ಕೆಳಗಿಟ್ಟೆ. ಅಂಗಡಿಯ ಮುಂದೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ಮಂದಿಯ ಎದುರು ಆಡಿದ್ದನ್ನು ಮಂದಿಯ ಎದುರೇ ನುಂಗಬೇಕು ಎಂದು ದಾರಿಯುದ್ದಕ್ಕೂ ನಿಶ್ಚಯಿಸಿಕೊಂಡು ಬಂದಿದ್ದೆ. ಎದ್ದು ನಿಂತು, “ಮಿಸ್ತ್ರಿ, ಮೇಣ ತಿಕ್ಕಿ ಗಾಡಿ ಕೆಡಿಸಿದವನು ನಾನು, ಕಳ್ಳ ಅನಿಸಿಕೊಂಡವರು ನೀವು. ನಂದು ತಪ್ಪಾಗ್ಯದ, ಮಾಫ್ ಮಾಡ್ರಿ,” ಎಂದೆ. ಗಿರಾಕಿಗಳು ನನ್ನನ್ನೇ ನೋಡಿದರು. ಮೌಲಾಸಾಬರು ನನ್ನ ಭುಜ ಹಿಡಿದು ಕೂಡಿಸಿ, “ಆ ಮಾತು ಈಗ್ಯಾಕ್ರಿ. ಚಾ ಆರಾಕತ್ತದ, ಕುಡೀರಿ,” ಎಂದರು.

ನಾನು ಕೀಲಿ ಅವರ ಕೈಗಿಟ್ಟೆ. “ಒಂದು ರೌಂಡ್ ಹೋಗಿ ಬರ್ರಿ. ಎಷ್ಟು ದೂರ ಆದ್ರೂ ಹೋಗ್ರಿ. ನನ್ನ ಸಲುವಾಗಿ.”

ಬೇಡ ಅನ್ನಲಿಲ್ಲ. ಚಪ್ಪಲಿ ಬಿಟ್ಟರು, ಗಾಡಿ ಹತ್ತಿದರು, ಚಾಲೂ ಮಾಡಿದರು. ಎಂಜಿನ್ ಚೆನ್ನಾಗಿ ಓಡುತ್ತಿತ್ತು. ನನಗೆ ಒಳಗೊಳಗೇ ಜೀವ ಬಂದಂತಾಯಿತು. ಆದರೆ ಗಾಡಿ ಮುಂದೆ ಹೋಗಲಿಲ್ಲ. ಅವರು ಹ್ಯಾಂಡಲ್ ಹಿಡಿದು ತಲೆ ತಗ್ಗಿಸಿ ಕೂತೇ ಇದ್ದರು. ಸ್ವಲ್ಪ ಹೊತ್ತಿಗೆ ಎಂಜಿನ್ ಆರಿಸಿ ಇಳಿದು ಬಂದು ಕೀಲಿ ವಾಪಸು ಕೊಟ್ಟರು.

“ಅಲ್ಲಾನ ಆಣೆ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ ಮಾಸ್ತರ್ರ,” ಎಂದರು. “ಆದ್ರ ಆವತ್ತಿನಿಂದ ಯಾರ ಗಾಡಿ ಹತ್ತಿದ್ರೂ ನನ್ನ ಕಣ್ಣು ಮೊದಲ ಮೀಟರಿಗೇ ಹೋಗ್ತದ. ಎಷ್ಟದ, ಎಷ್ಟಾಯ್ತು, ಏನಂದಾರು, ಅದಾ ಚಿಂತಿ ಆಗ್ಯದ. ಕಾಲಿಗೆ ಏನೂ ತಿಳಿಯವಲ್ದು.”